ಓಟ, ಉಬ್ಬಸ ಮತ್ತು ನಾಡಿಯ ಲೆಕ್ಕ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ನಸುಕಿನ ಬಸ್ಸಿಗೆ ಹೊರಟ ಸದ್ಭಕ್ತರಿಗೆ ಒಂದು ನೋಟ ಪರಿಚಿತವೇ ಆಗಿರುತ್ತದೆ. ಪೊಲೀಸ್ ಭರ್ತಿಗೆ ಸಿದ್ಧರಾಗುವ ತರುಣ ತರುಣಿಯರು ರಸ್ತೆಯ ಅಂಚು ಹಿಡಿದು ಓಡುತ್ತಿರುತ್ತಾರೆ. ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ, ಮಹಿಳೆಯರು 400 ಮೀಟರನ್ನು 2 ನಿಮಿಷದಲ್ಲಿ ಮುಗಿಸಬೇಕೆಂಬುದು ಕಾನ್‌ಸ್ಟೇಬಲ್ ಹುದ್ದೆಯ ಪರೀಕ್ಷೆ. ಇವರಲ್ಲಿ ಕೆಲವರಿಗೆ ಉಬ್ಬಸವೂ ಉಂಟು. ಮನೆಯವರು ಅದನ್ನು ಮುಚ್ಚಿಡುತ್ತಾರೆ. ಹೆಣ್ಣುಮಗಳಾದರಂತೂ ಕನ್ಯಾ ನೋಡಲು ಬಂದವರ ಕಣ್ಣಿಗೆ ಪಂಪು ಬೀಳಬಾರದೆಂದು ಅದು ಕಪಾಟಿನ ಹಿಂಬದಿಗೆ ಸೇರುತ್ತದೆ.

ನಮಗೂ ಬಾಲ್ಯದಿಂದ ಈ ವ್ಯಾಧಿ ಇದೆ. ಮಠದ ಪಾಠಶಾಲೆಯಲ್ಲಿ ಸಂಸ್ಕೃತದೊಡನೆ ತುಸು ವೈದ್ಯಕವನ್ನೂ ಓದಿಸಿದ ಗುರುಗಳು ಶ್ವಾಸರೋಗದ ಐದು ಭೇದಗಳನ್ನು ನಮ್ಮಿಂದ ಬಾಯಿಪಾಠ ಮಾಡಿಸಿದ್ದರು. ಅವುಗಳಲ್ಲಿ ಎರಡು ಇಲ್ಲಿ ಪ್ರಸ್ತುತವಾಗುತ್ತವೆ. ಆಯಾಸದಿಂದ ಹುಟ್ಟಿ, ಕುಳಿತೊಡನೆ ಶಮನವಾಗುವುದು ಕ್ಷುದ್ರಶ್ವಾಸ. ಮೋಡ, ಮಳೆ, ತಂಪು, ಮೂಡಗಾಳಿಗೆ ಹೆಚ್ಚುವುದು ತಮಕಶ್ವಾಸ. ಇಂದಿನ ಅಸ್ತಮಾಕ್ಕೆ ಸಮೀಪವಾದುದು ಇದೇ. ಓಡುವ ಉಬ್ಬಸದವನಲ್ಲಿ ಇವೆರಡೂ ಒಂದೇ ಎದೆಯಲ್ಲಿ ಕೂಡಿಕೊಳ್ಳುತ್ತವೆ. ಯಾವುದು ಯಾವುದೆಂದು ತಿಳಿಯುವ ಬಗೆಯೆಂತು? ನಾಡಿ ಒಂದಿಷ್ಟು ಹೇಳುತ್ತದೆ, ಪೂರ್ತಿ ಹೇಳುವುದಿಲ್ಲ.

ಅರವತ್ತು ದಾಟಿದ ಮೇಲೆ ವೈದ್ಯರ ಅನುಮತಿ ಪಡೆದು ಆನೆಕೆರೆಯ ಕಡೆಗೆ ನಿಧಾನವಾಗಿ ಓಡುವ ಅಭ್ಯಾಸವನ್ನು ನಾವು ಮಾಡಿಕೊಂಡೆವು. ಓಟವೆಂದರೆ ನೋಡಿದವರು ನಗುವಷ್ಟು ನಿಧಾನ. ನಡುವೆ ನಿಂತು ಹದಿನೈದು ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸುತ್ತೇವೆ. ಒಣಹವೆಯ ಒಳ್ಳೆಯ ದಿನ 28 ಬಡಿತ, ಅಂದರೆ ನಿಮಿಷಕ್ಕೆ 112. ಅದೇ ದಾರಿ, ಅದೇ ವೇಗ, ಮಾರ್ಗಶಿರದ ಚಳಿಯಲ್ಲಿ ಎದೆ ಸುಂಯ್‌ಗುಡುವ ದಿನ 33, ಅಂದರೆ 132. ಶ್ವಾಸನಾಳ ಕಿರಿದಾದಾಗ ಗಾಳಿಯನ್ನು ಎಳೆದು ಬಿಡುವುದಕ್ಕೇ ಎದೆಯ ಸ್ನಾಯುಗಳು ಹೆಚ್ಚು ದುಡಿಯಬೇಕಾಗುತ್ತದೆ. ಆ ದುಡಿಮೆಯ ಬಾಕಿಯನ್ನು ಹೃದಯವೇ ತೀರಿಸಬೇಕು. ಆದುದರಿಂದ ಅಂಥ ದಿನ ಬಡಿತ ಏರಿದರೆ ಅದನ್ನು ಮೈಗಳ್ಳತನದ ಲಕ್ಷಣವೆಂದು ಬಗೆಯಲಾಗದು.

ಇನ್ನೊಂದು ತೊಡಕು ಔಷಧಿಯದು. ಉಬ್ಬಸ ಕೆರಳಿದಾಗ ಸೆಳೆಯುವ ನೀಲಿ ಪಂಪಿನ ಸಾಲ್‌ಬುಟಮಾಲ್ ಶ್ವಾಸನಾಳವನ್ನು ಸಡಿಲಿಸುವಂತೆಯೇ ಹೃದಯವನ್ನೂ ತುಸು ಚುರುಕುಗೊಳಿಸುತ್ತದೆ, ಕೈ ನಡುಗಿಸುವುದೂ ಉಂಟು. ಓಟಕ್ಕೆ ಹದಿನೈದು ನಿಮಿಷ ಮೊದಲು ಸೆಳೆದವನ ಕೈಗಡಿಯಾರ ಕೆಲವು ಬಡಿತ ಹೆಚ್ಚು ತೋರಿಸಿದರೆ ಗಾಬರಿಗೆ ಕಾರಣವಿಲ್ಲ. ರಕ್ತದೊತ್ತಡಕ್ಕೆಂದು ಕೊಡುವ ಬೀಟಾ ಬ್ಲಾಕರ್ ಗುಳಿಗೆಗಳು ಇದಕ್ಕೆ ವಿರುದ್ಧ; ಬಡಿತವನ್ನು ತಗ್ಗಿಸುತ್ತವೆ, ಕೆಲವರಲ್ಲಿ ಉಬ್ಬಸವನ್ನು ಕೆರಳಿಸುತ್ತವೆ. ನಮ್ಮ ವಯಸ್ಸಿನವರು ಎರಡೂ ವ್ಯಾಧಿಗಳನ್ನು ವೈದ್ಯರೆದುರು ಬಾಯಿಬಿಟ್ಟು ಹೇಳಬೇಕು. 220ರಲ್ಲಿ ವಯಸ್ಸನ್ನು ಕಳೆದು, ಉಳಿದುದರ ಶೇಕಡಾ 60-70ರೊಳಗೆ ಹಗುರ ಓಟವಿರಬೇಕೆಂಬ ಸೂತ್ರವೂ ಸರಾಸರಿಯದೇ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆಯಾಗುತ್ತದೆ. ಓಡುತ್ತಲೇ ಒಂದು ಪೂರ್ಣ ವಾಕ್ಯ ಆಡಲು ಬರುತ್ತದೆಯೇ ಎಂಬ ಪರೀಕ್ಷೆಯನ್ನೇ ನಾವು ಹೆಚ್ಚು ನಂಬುತ್ತೇವೆ.

ಹಿರೇಕೆರೂರು ತಾಲೂಕಿನ ನಮ್ಮ ಸ್ನೇಹಿತರ ಮೊಮ್ಮಗಳೊಬ್ಬಳು ಭರ್ತಿಗೆ ತಯಾರಾಗುತ್ತಿದ್ದಾಳೆ. ವಯಸ್ಸು ಇಪ್ಪತ್ತು. ಅಣ್ಣ ಕೊಟ್ಟ ಗಡಿಯಾರದಲ್ಲಿ ಹಗುರ ಓಟಕ್ಕೆ 136 ಬರುತ್ತಿದ್ದುದು, ಊರ ಕಣಗಳಲ್ಲಿ ಗೋವಿನಜೋಳ ಒಕ್ಕುವ ದಿನಗಳಲ್ಲಿ 158ಕ್ಕೆ ಏರಿತು. “ಅಜ್ಜಾರ, ನಾ ಓಡಬಹುದೇನ್ರಿ?” ಎಂದು ಕೇಳಿದಳು. ನಾವು ಉತ್ತರಿಸುವ ಮೊದಲೇ ಆಕೆಯ ತಂದೆ, “ಶಾಸ್ತ್ರಿಗಳ, ಪಂಪಿನ ಚಟ ಹತ್ತಿದ್ರ ಬಿಡಂಗಿಲ್ರಿ” ಎಂದರು. ಪಂಪಿಗೆ ಚಟ ಹತ್ತಿಸುವ ಗುಣವಿಲ್ಲ. ನೀಲಿ ಪಂಪೊಂದನ್ನೇ ನಂಬಿ ಕೂಡುವುದು ಸರಿಯಲ್ಲವೆಂದು, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಪಂಪು ಜೊತೆಗಿರಬೇಕೆಂದು ಜಾಗತಿಕ ಅಸ್ತಮಾ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ ಪೌಲಾ ರ್‍ಯಾಡ್‌ಕ್ಲಿಫ್ ಕೂಡ ಉಬ್ಬಸದವರೇ ಎಂದಾಗ ತಂದೆ ಸುಮ್ಮನಾದರು, ಒಪ್ಪಿದರೆಂದಲ್ಲ.

ವೈದ್ಯರು ಆಕೆಗೆ ಹೇಳಿದ್ದು ಇಷ್ಟು. ಓಟಕ್ಕೆ ಮೊದಲು ಹತ್ತು ಹದಿನೈದು ನಿಮಿಷ ಮೈ ಬೆಚ್ಚಗೆ ಮಾಡಿಕೊಳ್ಳಬೇಕು. ಚಳಿಯಲ್ಲಿ ಮೂಗು ಬಾಯಿಗೆ ತೆಳು ವಸ್ತ್ರ ಕಟ್ಟಬೇಕು. ಒಕ್ಕಲಿನ ದೂಳಿದ್ದ ದಿನ ಓಡಬಾರದು. ಶ್ರಮದಿಂದ ಬರುವ ಉಬ್ಬಸ ಹಲವೊಮ್ಮೆ ಓಡುವಾಗಲ್ಲ, ನಿಂತ ಐದು ಹತ್ತು ನಿಮಿಷಗಳ ಅನಂತರವೇ ಬಲಿಯುತ್ತದೆ. ಆದ್ದರಿಂದ ಓಟ ಮುಗಿಸಿ ಒಂಟಿಯಾಗಿ ಹೊಲದ ಬದುವಿನಲ್ಲಿ ಕೂಡಬಾರದು. ವಿಶ್ರಾಂತಿಯಲ್ಲೂ ನಾಡಿ ಇಳಿಯದೆ, ಮಾತು ತುಂಡಾಗಿ, ಪಂಪಿಗೂ ಜಗ್ಗದಿದ್ದರೆ ಗಡಿಯಾರ ನೋಡುತ್ತ ಕೂಡದೆ ಆಸ್ಪತ್ರೆಗೆ ಹೋಗಬೇಕು.

ಈಗ ಆಕೆಯ ಪಂಪು ಕಪಾಟಿನಿಂದ ಓಟದ ಚೀಲಕ್ಕೆ ಬಂದಿದೆ. ತಾಯಿ ಸೈಕಲ್ಲಿನಲ್ಲಿ ಹಿಂದೆ ಹೋಗುತ್ತಾಳಂತೆ.