ಪೊರಕೆ ಹಿಡಿದ ಆಟ

ಕಳೆದ ಡಿಸೆಂಬರಿನಲ್ಲಿ ಕೆನಡಾದ ಪುಟ್ಟ ಊರೊಂದರಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಒಂದು ಸಂಜೆ ಭಾವನವರು, “ಬಾರಯ್ಯ, ಪೊರಕೆ ಹಿಡಿದು ಆಡುವ ಆಟ ತೋರಿಸುತ್ತೇನೆ” ಎಂದು ಊರಿನ ಕ್ಲಬ್ಬಿಗೆ ಕರೆದೊಯ್ದರು. ಒಂದೇ ಸೂರಿನಡಿ ಒಂದು ಪಕ್ಕ ಬ್ಯಾಡ್ಮಿಂಟನ್ ಅಂಕಣ. ಇನ್ನೊಂದು ಪಕ್ಕ ಕರ್ಲಿಂಗ್ ಆಟದ ಮಂಜುಗಡ್ಡೆಯ ಹಾಸು.

ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಈ ಆಟಕ್ಕೆ ಮಾಂಟ್ರಿಯಲ್ ನಗರದಲ್ಲಿ 1807ರಲ್ಲಿಯೇ ಸಂಘ ಕಟ್ಟಿದ್ದರು. ಹತ್ತಿರ ಹತ್ತಿರ 20 ಕಿಲೋ ತೂಗುವ ಕಲ್ಲನ್ನು ದೂರದ ವರ್ತುಲದತ್ತ ಜಾರಿಬಿಡಬೇಕು. ಬಿಟ್ಟ ಮೇಲೆ ಅದನ್ನು ಮುಟ್ಟುವಂತಿಲ್ಲ. ಜೊತೆಗಾರರು ಅದರ ಮುಂದೆ ಓಡುತ್ತ ಮಂಜನ್ನು ತಿಕ್ಕಿದರೆ ಘರ್ಷಣೆ ತಗ್ಗಿ, ಕಲ್ಲು ಇನ್ನೆರಡು ಮಾರು ಮುಂದೆ ಸಾಗುತ್ತದೆ.

ಅಲ್ಲಿ ಸಂಬಳದವರು ಯಾರೂ ಇಲ್ಲ. ಎಲ್ಲವೂ ಸದಸ್ಯರ ಸ್ವಯಂಸೇವೆ. ಮುದುಕರೊಬ್ಬರು ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಹಿಮ್ಮುಖವಾಗಿ ನಡೆಯುತ್ತ ಹನಿ ಚಿಮುಕಿಸುತ್ತಿದ್ದರು. ಆ ಹನಿಗಳು ಹೆಪ್ಪುಗಟ್ಟಿದ ಉಬ್ಬುಗಳ ಮೇಲೆಯೇ ಕಲ್ಲು ಜಾರುವುದು. ಅವರ ಮಂಡಿಗೆ ಆಡುವ ಶಕ್ತಿ ಉಳಿದಿಲ್ಲ. ಆದರೂ ಬಾಗಿಲಿನ ಬೀಗದ ಕೈ ಅವರ ಬಳಿಯೇ.

ನನಗೆ ನಮ್ಮೂರಿನ ಷಟಲ್ ಅಂಕಣ ನೆನಪಾಗಿ ನಾಚಿಕೆಯಾಯಿತು. ಅದನ್ನು ದಿನವೂ ಗುಡಿಸಿ ಬಲೆ ಕಟ್ಟುತ್ತಿದ್ದ ಹಿರಿಯ ಗುಮಾಸ್ತರು, ವರ್ಗವಾಗಿ ಹೊರಟಾಗ ಬಲೆಯ ಪೆಟ್ಟಿಗೆಯ ಬೀಗದ ಕೈಯನ್ನು ನನ್ನ ಮುಂದೆ ಹಿಡಿದಿದ್ದರು. “ಉತ್ತರಪತ್ರಿಕೆಗಳ ರಾಶಿ ಬಿದ್ದಿದೆ, ಸ್ವಾಮಿ” ಎಂದು ಜಾರಿಕೊಂಡೆ. ಉಳಿದವರೂ ಜಾರಿಕೊಂಡರು. ಎರಡೇ ತಿಂಗಳಲ್ಲಿ ಅಂಕಣದ ತುಂಬ ಹುಲ್ಲು ಬೆಳೆಯಿತು.

ಊರಿಗೆ ಮರಳಿ ಒಂದು ವಾರ ಸುಮ್ಮನಿದ್ದೆ. ಎಂಟನೆಯ ದಿನ ಬೆಳಗ್ಗೆ ಪೊರಕೆ ಹಿಡಿದು ಹೊರಟೆ. “ಮನೆಯ ಅಂಗಳವನ್ನು ಒಂದು ದಿನವೂ ಗುಡಿಸದವರು!” ಎಂದು ಮಡದಿ ನಕ್ಕಳು. ಮಾತು ನಿಜ, ಮರುದಿನದಿಂದ ಎರಡನ್ನೂ ಗುಡಿಸುತ್ತಿದ್ದೇನೆ. ಆಡಲು ಈವರೆಗೆ ಬಂದವರು ಇಬ್ಬರೇ. ಬಲೆಯನ್ನಂತೂ ಕಟ್ಟಿದ್ದೇನೆ.