ಬಲಗೈ ಯಾಕ ಏಳಲ್ಲ
ಏಪ್ರಿಲ್ 14ರ ಮೆರವಣಿಗೆ ವಿಡಿಯೊ ನೋಡಿ ಗೆಳೆಯನೊಬ್ಬ ಕೇಳಿದ: 'ಅಣ್ಣಾ, ಎಲ್ಲರೂ ಬಲಗೈ ಎತ್ತಿ ಜೈಭೀಮ್ ಅಂತಾರ, ನೀ ಯಾಕ ಎಡಗೈ?' ಆಗ ನಕ್ಕು ಸುಮ್ಮನಾದೆ. ಈಗ ಹೇಳ್ತೀನಿ.

ಹದಿನಾರರಾಗ ಕುತ್ತಿಗೆಯ ಬಲಬದಿಗೆ ಗಂಟು ಎದ್ದಿತ್ತು. ಟಿಬಿ ಗಂಟು ಇರಬಹುದಂತ ಒಂದು ದವಾಖಾನೆಯಲ್ಲಿ ಕೊಯ್ದು ಪರೀಕ್ಷೆಗೆ ಕಳಿಸಿದರು. ಅವ್ವ ಹೆಬ್ಬೆಟ್ಟು ಒತ್ತಿದಳು. ಕಾಗದದಾಗ ಏನದ ಅಂತ ಯಾರೂ ಓದಿ ಹೇಳಲಿಲ್ಲ. ಗಾಯ ಮಾಯಿತು, ಭುಜ ಜೋತುಬಿತ್ತು.

ಔರಾದ್ ಕಡೆ ನಮ್ಮೂರಾಗ ದೊಡ್ಡವರ ಹೊಲದ ತೊಗರಿ ಚೀಲ ಹೊರಲಾಗದೆ ನಿಂತರೆ, 'ನಾಲ್ಕಕ್ಷರ ಕಲಿತ್ಯಲ್ಲ, ಇನ್ನ ನಿಮ್ಮ ಮಂದಿ ಮೈ ಬಗ್ಗಲ್ಲ' ಅಂದರು. ಅಪ್ಪನೂ ಅದನ್ನೇ ನಂಬಿದ, ಅದು ಬ್ಯಾರೆ ಮಾತು. ಭಾಲ್ಕಿಯಾಗ ಎರಡು ವರ್ಷ ಎಣ್ಣೆ ತಿಕ್ಕಿಸಿದೆವು.

ಕೊನೆಗೆ ಬೀದರ್‌ನಲ್ಲಿ ಒಬ್ಬ ಡಾಕ್ಟರ್ ಅಂಗಿ ಬಿಚ್ಚಿಸಿ, ಹಿಂದೆ ನಿಂತು, 'ಎರಡೂ ಹೆಗಲು ಕಿವಿ ಕಡೆ ಎತ್ತು' ಅಂದರು. ಬಲದ್ದು ಅರ್ಧಕ್ಕೇ ನಿಂತಿತು. ಸ್ಪೈನಲ್ ಅಕ್ಸೆಸರಿ ಅನ್ನೋ ನರ ಕುತ್ತಿಗೆ ಬದಿಯಲ್ಲಿ ಚರ್ಮದ ಸ್ವಲ್ಪ ಕೆಳಗೇ, ಆ ಗಂಟುಗಳ ನಡುವೆಯೇ ಹಾಯ್ತದ. ಗಂಟು ತೆಗೆಯುವಾಗ ಅದಕ್ಕೆ ಪೆಟ್ಟಾಗೋದು ಡಾಕ್ಟರುಗಳಿಗೆ ಗೊತ್ತಿರುವ ಅಪಾಯವೇ. ಕೆಲವು ತಿಂಗಳೊಳಗೆ ಬಂದಿದ್ದರೆ ನರ ಜೋಡಿಸಲು ನೋಡಬಹುದಿತ್ತು ಅಂದರು. ನನಗೆ ವ್ಯಾಯಾಮ ಅಷ್ಟೇ ಉಳಿಯಿತು.

ಹೆದರಿ ಪರೀಕ್ಷೆ ಬಿಡಬ್ಯಾಡ್ರಿ. ಟಿಬಿಗೆ ಸರ್ಕಾರಿ ದವಾಖಾನೆಯಲ್ಲಿ ಔಷಧಿ ಪುಕ್ಕಟೆ ಅದ. ಬಹಳ ಸಲ ಮೊದಲು ಸೂಜಿ ಹಾಕಿಯೇ ನೋಡ್ತಾರ. ಕೊಯ್ಯಬೇಕಂದರ ನರದ ಮಾತು ಕೇಳ್ರಿ, ಆಮ್ಯಾಲ ಕನ್ನಡಿ ಮುಂದ ಎರಡೂ ಹೆಗಲು ಎತ್ತಿ ನೋಡ್ರಿ.

ನಮ್ಮ ಓಣಿಯ ಒಬ್ಬ ಹುಡುಗಿಗೆ ಈಗ ಅಂಥದ್ದೇ ಗಂಟು. ನಾಳೆ ಅವರ ಜೊತೆ ಬೀದರ್‌ಗೆ ಹೊಂಟೀನಿ. ಕಾಗದ ಓದೋದು ನನ್ನ ಕೆಲಸ.