ಎರಡಂಗುಲದ ಮಾತು

ವಾರ್ಷಿಕ ಸಂಚಿಕೆಗೆ ಲೇಖನ ಬೇಕೆಂದು ನಮ್ಮ ಕನ್ನಡ ಅಧ್ಯಾಪಕರು ತರಗತಿಯಲ್ಲಿ ಹೇಳಿದ ದಿನವೇ ಗೆಳೆಯರೆಲ್ಲ ಬೆಳದಿಂಗಳು, ಪ್ರೇಮ, ಪ್ರವಾಸ ಎಂದು ವಿಷಯಗಳನ್ನು ಹಂಚಿಕೊಂಡುಬಿಟ್ಟರು. ನನ್ನ ಪಾಲಿಗೆ ಉಳಿದದ್ದು ನಮ್ಮಪ್ಪಯ್ಯನ ಪಿಕಪ್ ಗಾಡಿ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವವನಿಗೆ ಮೋಟಾರಿನ ಅಡಿಯಲ್ಲೇನು ಕೆಲಸವೆಂದು ವಾಚಕರು ನಗಬಹುದು. ನಗಲಿ. ಕಳೆದ ಮಳೆಗಾಲ ಮುಗಿದ ಮೇಲೆ ಒಂದು ತಿಂಗಳು ನಾನು ಪಠ್ಯಪುಸ್ತಕಗಳಿಗಿಂತ ಹೆಚ್ಚಾಗಿ ಆ ಗಾಡಿಯ ಹೊಟ್ಟೆಯನ್ನೇ ಓದಿದ್ದೇನೆ. ಓದಿದ್ದರಲ್ಲಿ ಒಂದು ಸಾಲನ್ನು ಬೇಕೆಂದೇ ನುಂಗಿಯೂ ಇದ್ದೇನೆ.

ನಮ್ಮೂರು ಮೂಡಿಗೆರೆ ಸೀಮೆಯಲ್ಲಿ, ಡಾಂಬರು ರಸ್ತೆಯಿಂದ ಮೂರು ಮೈಲಿ ಒಳಗೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಗೆ ತೋಟದ ದಾರಿ ಕೊಚ್ಚಿಹೋಗಿ ಚಕ್ರದ ಜಾಡುಗಳೆರಡೂ ಕಾಲುವೆಗಳಾಗುತ್ತವೆ. ನಡುವೆ ಮಣ್ಣಿನ ದಿಬ್ಬವೊಂದು ಮಲಗಿದ ಎಮ್ಮೆಯ ಬೆನ್ನಿನಂತೆ ಉಳಿಯುತ್ತದೆ. ಈ ದಾರಿಯಲ್ಲೇ ಅಪ್ಪಯ್ಯ ಗೊಬ್ಬರ ಒಯ್ಯಬೇಕು, ಕುಯ್ಲಿನ ಕಾಲಕ್ಕೆ ಕಾಫಿ ಹಣ್ಣಿನ ಮೂಟೆ ತರಬೇಕು. ಗಾಡಿ ಹಳೆಯದು, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವಂಥದು. ಮುಂದೆಯೂ ಹಿಂದೆಯೂ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಕಮಾನು ಪಟ್ಟಿಗಳೇ ಭಾರ ಹೊರುತ್ತವೆ. ವರ್ಕ್‌ಶಾಪಿನವರು ಅವನ್ನು ಪ್ಲೇಟು ಎನ್ನುತ್ತಾರೆ. ಆ ವರ್ಷ ಗಾಡಿಯ ಹೊಟ್ಟೆ ದಿಬ್ಬಕ್ಕೆ ಉಜ್ಜುವ ಸದ್ದು ನಮ್ಮ ಮನೆಯ ಜಗಲಿಗೂ ಕೇಳುತ್ತಿತ್ತು. ಕೇಳಿದಾಗಲೆಲ್ಲ ಅಮ್ಮ ತಾನೇ ನೊಂದವಳಂತೆ ಹಲ್ಲು ಕಚ್ಚುತ್ತಿದ್ದಳು.

"ಗಾಡಿಯನ್ನು ಸ್ವಲ್ಪ ಎತ್ತಿಸಬೇಕು. ಎಷ್ಟು ಎತ್ತಿಸಬೇಕು ಅಂತ ಓದಿ ಹೇಳು," ಎಂದರು ಅಪ್ಪಯ್ಯ. ಅವರು ಶಾಲೆಗೆ ಹೋದದ್ದು ನಾಲ್ಕನೆಯ ತರಗತಿಯವರೆಗೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಬ್ಯಾಂಕಿನ ಕಾಗದ, ಕರೆಂಟು ಬಿಲ್ಲು, ಔಷಧಿಯ ಚೀಟಿ ಎಲ್ಲವೂ ನನ್ನ ಬಾಯಿಂದಲೇ ಮನೆಯವರ ಕಿವಿಗೆ ಬೀಳಬೇಕು. ಇದರಿಂದ ನನಗೊಂದು ಗತ್ತು ಬಂದಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಸಕಲೇಶಪುರದ ಕಡೆ ಕೆಸರಿನಲ್ಲಿ ಗಾಡಿ ಓಡಿಸುವ ಪಂದ್ಯವೊಂದನ್ನು ನಾನು ನೋಡಿದ್ದೆ. ಅಲ್ಲಿ ಬಂದಿದ್ದ ಪಿಕಪ್ಪೊಂದು ನಾಲ್ಕಂಗುಲವೋ ಐದಂಗುಲವೋ ಎತ್ತರಿಸಿಕೊಂಡು ಅಂಬಾರಿಯ ಆನೆಯಂತೆ ನಿಂತಿತ್ತು. ನಮ್ಮದೂ ಹಾಗೆ ನಿಂತರೆ, ಅದರಲ್ಲಿ ಕುಳಿತು ನಾನು ಕಾಲೇಜಿನ ಬಾಗಿಲಿಗೆ ಬಂದಿಳಿದರೆ! ಪೇಟೆಯ ಅಂಗಡಿಯವನೊಬ್ಬ ನಾಲ್ಕಂಗುಲದ ಸಾಮಾನಿನ ಇಂಗ್ಲಿಷ್ ತಿಳಿವಳಿಕೆ ಪತ್ರ ಕೊಟ್ಟ. ಅದನ್ನು ದೀಪದ ಕೆಳಗೆ ಕೂತು ಅಪ್ಪಯ್ಯನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಎಚ್ಚರಿಕೆಯಿತ್ತು: ಗಾಡಿ ಎತ್ತರವಾದಷ್ಟೂ ಅದರ ಭಾರದ ಕೇಂದ್ರ ಮೇಲೇರುತ್ತದೆ, ಪಕ್ಕಕ್ಕೆ ವಾಲಿದ ನೆಲದಲ್ಲಿ ಮಗುಚುವ ಭಯ ಹೆಚ್ಚುತ್ತದೆ. ಅಲ್ಲಿಗೆ ಬಂದಾಗ ಒಂದು ಕ್ಷಣ ತಡೆದೆ. ಆಮೇಲೆ ಪತ್ರವನ್ನು ಮಡಿಸಿ, "ಇಷ್ಟೇ ಅಪ್ಪಯ್ಯ," ಎಂದೆ.

ನಮ್ಮ ದಾರಿಯಲ್ಲಿ ಹಳ್ಳದ ತಿರುವು ಎಂಬ ಜಾಗವಿದೆ. ಅಲ್ಲಿ ನೆಲ ಕಣಿವೆಯ ಕಡೆಗೇ ಇಳಿಜಾರು. ಕುಯ್ಲಿನ ಕಾಲದಲ್ಲಿ ಅಪ್ಪಯ್ಯ ತಲೆಮಟ್ಟ ಮೂಟೆ ಹೇರಿಕೊಂಡು ದಿನಕ್ಕೆ ಎರಡು ಸಲ ಅದನ್ನು ದಾಟುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೆಂದು ಹೇಳಿದರೆ ಅದು ಇನ್ನೊಂದು ಸುಳ್ಳಾದೀತು.

ಮರುದಿನ ಬೆಳಿಗ್ಗೆ ಅಪ್ಪಯ್ಯ ಏನೂ ಹೇಳದೆ ನನ್ನನ್ನೂ ಗಾಡಿಯನ್ನೂ ವರ್ಕ್‌ಶಾಪಿನ ಕಾಕನ ಬಳಿಗೆ ಕರೆದುಕೊಂಡು ಹೋದರು. ಕಾಕನಿಗೆ ಅರವತ್ತು ದಾಟಿದೆ. ಮಾತು ಕಡಿಮೆ, ಬೀಡಿ ಹೆಚ್ಚು. ನನ್ನ ನಾಲ್ಕಂಗುಲದ ಭಾಷಣವನ್ನೆಲ್ಲ ಕೇಳಿ, "ಬಾ ಇಲ್ಲಿ," ಎಂದು ಗಾಡಿಯ ಅಡಿಗೆ ಎಳೆದರು. ಹಿಂದಿನ ಆಕ್ಸಲಿನ ನಡುವಿನ ಗುಂಡನೆಯ ಡಿಫರೆನ್ಷಿಯಲ್ಲಿನ ಮೇಲೆ ಬೆರಳಿಟ್ಟರು. ದಿಬ್ಬ ಉಜ್ಜಿ ಉಜ್ಜಿ ಅದರ ತಳ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ನೆಲಕ್ಕೆ ತಾಗೂದು ಯಾವುದು?"

"ಇದು."

"ಇದು ಪ್ಲೇಟಿನ ಮೇಲೆ ಕೂತದ್ದಾ, ಚಕ್ರದ ಮೇಲೆ ಕೂತದ್ದಾ?"

ನಾನು ಸುಮ್ಮನಾದೆ. ಕಾಕ ಬೀಡಿ ಹಚ್ಚಿದರು. "ನಾಲ್ಕು ಇಂಚು ಎತ್ತಿದ್ರೆ ಗಾಡಿ ಮೇಲೆ ಹೋಗ್ತದೆ ಮಾರಾಯ, ಈ ಗುಂಡು ಮೇಲೆ ಹೋಗೂದಿಲ್ಲ."

ವಿಷಯ ಇಷ್ಟು ಸರಳವಾಗಿದ್ದರೂ ನನಗೆ ಹೊಳೆದಿರಲಿಲ್ಲ. ಪ್ಲೇಟು ಎತ್ತರಿಸಿದರೆ ಏರುವುದು ಪ್ಲೇಟಿನ ಮೇಲಿನ ಚಾಸಿ, ಎಂಜಿನ್ನು, ಮೂಟೆ, ಮನುಷ್ಯ. ಆಕ್ಸಲು ಇರುವಲ್ಲೇ ಇರುತ್ತದೆ. ಅದನ್ನು ಎತ್ತಬಲ್ಲದ್ದು ದೊಡ್ಡ ಟಯರೊಂದೇ. ಮನೆಗೆ ಬಂದು ಲೆಕ್ಕ ಹಾಕಿದೆ. ನಮ್ಮ ಟಯರಿನ ಮೇಲಿದ್ದ ಅಳತೆ 215/75 ಆರ್ 15, ಅಂದರೆ ಒಟ್ಟು ವ್ಯಾಸ ಸುಮಾರು 703 ಮಿಲಿಮೀಟರು. 235/75ರದ್ದು 733. ವ್ಯಾಸದಲ್ಲಿ 30 ಹೆಚ್ಚಿದರೆ ಆಕ್ಸಲು ಏರುವುದು ಅದರ ಅರ್ಧ, 15 ಮಿಲಿಮೀಟರು, ಎಂದರೆ ಅರ್ಧ ಅಂಗುಲಕ್ಕಿಂತ ಚೂರು ಮೇಲೆ. ವೇಗದ ಮುಳ್ಳು ಬೇರೆ ಸುಳ್ಳು ಹೇಳತೊಡಗುತ್ತದೆ: ಐವತ್ತು ತೋರಿಸಿದಾಗ ಗಾಡಿ ಐವತ್ತೆರಡರಲ್ಲಿರುತ್ತದೆ.

ಅಂದು ಕಾಕ ಹೇಳಿದ್ದು ಇನ್ನೂ ಇತ್ತು. ಪ್ಲೇಟಿನ ತುದಿಯ ಶಾಕಲನ್ನು ಉದ್ದ ಮಾಡಿಸುವುದು ಅಗ್ಗದ ದಾರಿ. ಆದರೆ ಆಕ್ಸಲು ಪ್ಲೇಟಿನ ನಡುವೆ ಇರುವುದರಿಂದ ಒಂದಂಗುಲ ಏರಬೇಕಾದರೆ ಶಾಕಲು ಎರಡಂಗುಲ ಉದ್ದವಾಗಬೇಕು. ಮುಂದುಗಡೆ ಹಾಗೆ ಮಾಡಿದರೆ ಆಕ್ಸಲಿನ ಓರೆ ಕೆಟ್ಟು ಸ್ಟೀರಿಂಗು ಅಲೆಯುತ್ತದೆ. ಒಂದು ಪ್ಲೇಟು ಹೆಚ್ಚಿಗೆ ಸೇರಿಸಿದರೆ ಖಾಲಿ ಗಾಡಿ ಕಪ್ಪೆಯಂತೆ ಹಾರುತ್ತದೆ, ಗುಂಡಿಗೆ ಚಕ್ರ ಇಳಿಯದೆ ಗಾಳಿಯಲ್ಲಿ ತಿರುಗುತ್ತದೆ. ನಾಲ್ಕಂಗುಲಕ್ಕಾದರೆ ಶಾಕ್ ಅಬ್ಸಾರ್ಬರು ಗಿಡ್ಡವಾಗುತ್ತದೆ, ಬ್ರೇಕಿನ ರಬ್ಬರು ಪೈಪು ಎಳೆದುಕೊಳ್ಳುತ್ತದೆ, ಪ್ರೊಪೆಲ್ಲರ್ ಶಾಫ್ಟು ಓರೆಯಾಗಿ ಅದರ ಜಾಯಿಂಟು ಬೇಗ ಸವೆಯುತ್ತದೆ.

ಕಾನೂನಿನ ಕಡೆಯನ್ನು ನಾನೇ ಹುಡುಕಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡು ಒಂದೊಂದಕ್ಕೂ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ನಮ್ಮದು ಬಾಡಿಗೆಗೆ ಸರಕು ಹೊರುವ ಹಳೆಯ ಗಾಡಿ, ವರ್ಷಕ್ಕೊಮ್ಮೆ ಎಫ್.ಸಿ. ಆಗಲೇಬೇಕು. ಅಲ್ಲಿ ತಡೆದರೆ ಮನೆಯ ಒಲೆಯೇ ತಡೆಯುತ್ತದೆ.

ಆ ರಾತ್ರಿ ಊಟವಾದ ಮೇಲೆ ಪತ್ರವನ್ನು ಮತ್ತೆ ಬಿಡಿಸಿ, ನುಂಗಿದ್ದ ಸಾಲನ್ನು ಅಪ್ಪಯ್ಯನಿಗೆ ಓದಿ ಹೇಳಿದೆ. ಅವರು ಅಡಿಕೆ ಕತ್ತರಿಸುತ್ತಲೇ ಇದ್ದರು.

"ಏನೋ ಬಿಟ್ಟೆ ಅಂತ ಗೊತ್ತಿತ್ತು."

"ಹ್ಯಾಗೆ ಅಪ್ಪಯ್ಯ?"

"ಕೊನೇ ಹಾಳೆಗೆ ಬಂದಾಗ ತಡೆದೆಯಲ್ಲ. ಏಳನೇ ಕ್ಲಾಸಿನಲ್ಲಿ ಲೆಕ್ಕದ ಮಾರ್ಕು ಓದುವಾಗಲೂ ಹಾಗೇ ತಡೆದಿದ್ದೆ. ಅದಕ್ಕೇ ಕಾಕನ ಹತ್ತಿರ ಹೋದದ್ದು."

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ವಾರ ಕಾಕ ತಮ್ಮಲ್ಲಿಗೆ ಬಂದಿದ್ದ ಅದೇ ಮಾದರಿಯ, ಹೊಸ ಪ್ಲೇಟು ಹಾಕಿದ ಇನ್ನೊಂದು ಗಾಡಿಯ ಪಕ್ಕದಲ್ಲಿ ನಮ್ಮದನ್ನು ನಿಲ್ಲಿಸಿದರು. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾನು ಟೇಪು ಹಿಡಿದೆ. ನಮ್ಮದು ಒಂದೂವರೆ ಅಂಗುಲ ತಗ್ಗಿತ್ತು. ಇಷ್ಟು ವರ್ಷದ ಮೂಟೆಗಳು ಪ್ಲೇಟಿನ ಕಮಾನನ್ನೇ ಅಮುಕಿಬಿಟ್ಟಿದ್ದವು. ಹಾಗಾಗಿ ಹೊಸದೇನನ್ನೂ ಎತ್ತದೆ, ಕಳೆದುಕೊಂಡ ಒಂದೂವರೆಯನ್ನು ಮೂಲದ ಅಳತೆಯ ಪ್ಲೇಟಿನಿಂದಲೇ ವಾಪಸು ತಂದೆವು. ಟಯರಿನದು ಅರ್ಧ, ಅದನ್ನೂ ಆ ಮಾದರಿಗೆ ಕಂಪನಿಯೇ ಒಪ್ಪಿದ ಅಳತೆ ಹೌದೆಂದು ನೋಡಿಕೊಂಡೇ ಹಾಕಿಸಿದ್ದು. ಒಟ್ಟು ಎರಡಂಗುಲ. ಕಾಲೇಜಿನ ಬಾಗಿಲಲ್ಲಿ ಅದನ್ನು ಯಾರೂ ಗುರುತಿಸಲಾರರು.

ಚಾಸಿ, ಸೈಲೆನ್ಸರು ಈಗ ಉಜ್ಜುವುದಿಲ್ಲ. ಡಿಫರೆನ್ಷಿಯಲ್ಲು ಮಾತ್ರ ಒಂದೆರಡು ಕಡೆ ಇನ್ನೂ ತಾಗುತ್ತದೆ. ಅದಕ್ಕೆ ಅಪ್ಪಯ್ಯ ಸೀಟಿನ ಹಿಂದೆ ಒಂದು ಗುದ್ದಲಿ ಇಟ್ಟುಕೊಂಡಿದ್ದಾರೆ, ದಿಬ್ಬದ ನೆತ್ತಿ ಕೆತ್ತುವುದಕ್ಕೆ. ಭಾನುವಾರಗಳಲ್ಲಿ ಆ ಗುದ್ದಲಿ ನನ್ನ ಕೈಗೆ ಬರುತ್ತದೆ.